ಗಂಡ: ಇಲ್ಲ

ಫೋನಿನ ಪರದೆಯ ಮೇಲೆ ‘ಗಂಡ: ಇಲ್ಲ’ ಎಂದು ಬರೆದಿತ್ತು. ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಓದಿದಳು. ಊರಿಗೆಲ್ಲ ಕನ್ನಡಕ ಮಾಡಿಕೊಡುವ ಅಂಗಡಿಯವಳು. ಅವಳ ಕಣ್ಣು ಮೋಸಹೋಗುವ ಮಾತೇ ಇರಲಿಲ್ಲ. ಎದುರಿಗೆ ಗಂಡ ಕಾಫಿ ಹೀರುತ್ತಾ, ಒಂದು ಕಾಲಿಗೆ ಬೂಟು ಹಾಕಿಕೊಂಡು, ಇನ್ನೊಂದನ್ನು ಮೇಜಿನ ಅಡಿಯಲ್ಲಿ ಕಾಲಿನಿಂದಲೇ ತಡಕಾಡುತ್ತಿದ್ದ.

“ರೀ, ನೀವು ಇಲ್ಲ ಅಂತ ಬರೆದಿದ್ದಾರೆ ನೋಡಿ.”

“ಗುಂಡುಕಲ್ಲಿನ ಹಾಗೆ ಕೂತಿದ್ದೀನಲ್ಲೇ!” ಎಂದು ಅವನು ಗಹಗಹಿಸಿ ನಕ್ಕ. ಅವನದು ಲಿಫ್ಟ್ ರಿಪೇರಿಯ ಕೆಲಸ. ಊರಿನ ಅರ್ಧ ಲಿಫ್ಟುಗಳು ಅವನು ಹೇಳಿದಂತೆ ಕೇಳುತ್ತಿದ್ದವು. ಮನೆಯಲ್ಲಿ ಮಾತ್ರ ಅವನ ಮಾತು ನಡೆಯುತ್ತಿರಲಿಲ್ಲ.

ಇಷ್ಟಕ್ಕೆಲ್ಲ ಕಾರಣನಾದವನು ಪಕ್ಕದಲ್ಲೇ ಕೂತು ಕಾಫಿಗೆ ಬ್ರೆಡ್ಡು ಅದ್ದುತ್ತಿದ್ದ ಅವಳ ತಮ್ಮ, ಸರ್ಕಾರದ ಖಾಸಗಿತನ ರಕ್ಷಣಾ ಇಲಾಖೆಯ ಅಧಿಕಾರಿ. ಹೊಸ ಕಾನೂನು ಅಂದಿನಿಂದಲೇ ಜಾರಿ. ಬಿಟ್ಟಿಯಾಗಿ ಇ-ಮೇಲ್ ಕೊಟ್ಟು, ಜನರ ಪತ್ರಗಳನ್ನು ಯಂತ್ರದಿಂದ ಓದಿಸಿ ಜಾಹೀರಾತು ತೋರಿಸುತ್ತಿದ್ದ ಕಂಪನಿ, ಯಾರ ಬಗ್ಗೆ ಏನೇನು ತಿಳಿದುಕೊಂಡಿದೆ ಎಂಬುದನ್ನು ಇನ್ನು ಅವರವರಿಗೆ ತೋರಿಸಲೇಬೇಕು. ನೋಡಿದ ಮೇಲೆ, ಮುಂದೆಯೂ ಓದಬಹುದೋ ಬೇಡವೋ ಎನ್ನುವುದು ಅವರವರ ಇಷ್ಟ.

ಗಂಡ ಆಗಲೇ ‘ಓದಿ’ ಎಂದು ಒತ್ತಿ ಕೈತೊಳೆದುಕೊಂಡಿದ್ದ. ಬೂಟಿನ ಅಳತೆ, ಸೊಂಟನೋವು, ಗೊರಕೆ, ಅವನದೆಲ್ಲ ಸರಿಯಾಗಿಯೇ ಬರೆದಿತ್ತು. “ಓದ್ಕೊಳ್ಲಿ ಬಿಡೋ. ನನ್ನ ಮೇಲ್, ನನ್ನಿಷ್ಟ. ಈ ಬೂಟು ಅರ್ಧ ಬೆಲೆಗೆ ಸಿಕ್ಕಿದ್ದು ಹೇಗೆ ಅಂದ್ಕೊಂಡೆ? ನಿಮ್ಮ ಸರ್ಕಾರ ಕೊಡಿಸ್ತಿತ್ತಾ?”

“ಬೂಟಿಗೋಸ್ಕರ ಮನೆ ಗುಟ್ಟು ಮಾರ್ಕೊಳ್ತೀರಾ ಭಾವ?”

“ನನ್ನ ಗೊರಕೆ ಗುಟ್ಟೇನೋ? ಇಡೀ ಕಟ್ಟಡಕ್ಕೇ ಗೊತ್ತು.”

ಅವಳಿಗೆ ನಗು ಬರಲಿಲ್ಲ. ಕೆಲವು ದಿನಗಳಿಂದ ಅವಳ ಮೇಲ್‌ಗಳ ಪಕ್ಕದಲ್ಲಿ ಬರುತ್ತಿದ್ದ ಜಾಹೀರಾತುಗಳು ಈಗ ಒಂದೊಂದೇ ನೆನಪಾದವು. ಒಬ್ಬರು ಮಲಗುವ ಮಂಚ. ಒಬ್ಬರಿಗೆ ಸಾಕಾಗುವ ಪುಟ್ಟ ಫ್ರಿಜ್. ಕೊನೆಗೆ, ಗಂಡಸರ ಹಳೆಯ ಬಟ್ಟೆಬರೆಗಳನ್ನು ಮನೆಗೇ ಬಂದು ಒಯ್ಯುವವರದು.

“ನಾನು ಯಾರಿಗೂ ಹೀಗೆ ಬರೆದೇ ಇಲ್ವಲ್ಲೋ.”

“ನಿನ್ನ ಮೇಲ್ ಒಂದನ್ನೇ ಓದಲ್ಲ ಅಕ್ಕ ಅದು. ಊರೋರದ್ದೆಲ್ಲ ಓದಿ ಒಂದಕ್ಕೊಂದು ತಾಳೆ ಹಾಕುತ್ತೆ. ಎಲ್ಲೋ ಎಡವಟ್ಟಾಗಿರಬೇಕು.”

“ಹಾಗಾದ್ರೆ ಯಾರ ಮೇಲ್‌ನಲ್ಲಿತ್ತು ಇದು?”

“ಅದನ್ನ ಕೇಳೋ ಹಾಗಿಲ್ಲ, ಅದು ಅವರ ಖಾಸಗಿ ವಿಷಯ. ಆ ನಿಯಮ ಬರೆದೋನೇ ನಾನು.” ತಮ್ಮನ ದನಿಯಲ್ಲಿ ಹೆಮ್ಮೆ ತುಳುಕುತ್ತಿತ್ತು. “ನೀನು ‘ತಪ್ಪಿದೆ’ ಅಂತ ಒತ್ತು. ಕೂಡ್ಲೇ ತಿದ್ದಬೇಕು, ಯಾಕೆ ತಪ್ಪಾಯ್ತು ಅಂತ ಕಾರಣಾನೂ ಕೊಡಬೇಕು. ಸುಳ್ಳು ಕಾರಣ ಕೊಟ್ರೆ ಕಂಪನಿಗೆ ಬೀಗ.”

“‘ಅಳಿಸಿ’ ಅಂತ ಒತ್ತಿಬಿಡೇ, ಪೀಡೆ ಹೋಗ್ಲಿ,” ಎಂದ ಗಂಡ.

“ಅಳಿಸಿದ್ರೆ ನನ್ನ ಕಣ್ಣಿಗೆ ಕಾಣಲ್ಲ, ಅಷ್ಟೆ. ಅವರಿಗೆ ಗೊತ್ತಿರೋದು ಗೊತ್ತೇ ಇರುತ್ತಲ್ಲ?” ಅವಳು ‘ತಪ್ಪಿದೆ’ ಎಂದು ಒತ್ತಿದಳು.

ಅಷ್ಟರಲ್ಲಿ ಗಂಡನ ಫೋನು ಬಡಿದುಕೊಂಡಿತು. ಯಾವುದೋ ಕಟ್ಟಡದಲ್ಲಿ ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಟ್ಟಿದೆಯಂತೆ. ಅವನು ಫೋನನ್ನು ಮೇಜಿನ ಮೇಲೆ ಎಸೆದು, ಇನ್ನೊಂದು ಬೂಟನ್ನೂ ಏರಿಸಿ, ಸಾಮಾನಿನ ಚೀಲವನ್ನು ಹೆಗಲಿಗೆ ಹಾಕಿಕೊಂಡ. ಅವಳು ಹೋಗಿ ಬಾಗಿಲಿಗೆ ಅಡ್ಡ ನಿಂತಳು.

“ಉತ್ತರ ಬರೋವರೆಗೂ ಹೊಸ್ತಿಲು ದಾಟಬೇಡಿ.”

“ಒಳಗೆ ಜನ ಸಿಕ್ಕಿಹಾಕ್ಕೊಂಡಿದ್ದಾರೆ ಕಣೇ, ಹುಚ್ಚಿ.”

“ಇರಲಿ. ಒಂದ್ ನಿಮಿಷ ನಿಲ್ಲಿ.” ಅವಳು ಅವನ ಚೀಲದ ಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ಅವನು ನಗುವುದನ್ನು ಬಿಟ್ಟು ನಿಂತ. ಹೆಂಡತಿ ಹೀಗೆ ಹೆದರಿದ್ದನ್ನು ಅವನು ನೋಡಿರಲಿಲ್ಲ.

ಫೋನು ಟಿಣ್ಣೆಂದಿತು. ‘ತಿದ್ದಲಾಗಿದೆ. ಗಂಡ: ಇದ್ದಾರೆ.’

ಅವಳು ಬಾಗಿಲಿಗೆ ಒರಗಿ ಉಸಿರು ಬಿಟ್ಟಳು. ಕಣ್ಣು ತುಂಬಿಬಂತು, ಇಷ್ಟಕ್ಕೇ ಹೀಗಾಡಿದೆನಲ್ಲ ಎಂದು ನಾಚಿಕೆಯೂ ಆಯಿತು. “ಅಂತೂ ಸರ್ಕಾರ ನನ್ನನ್ನ ಬದುಕಿಸ್ತಪ್ಪ!” ಎಂದು ಗಂಡ ಬಾಮೈದನ ಬೆನ್ನಿಗೊಂದು ಗುದ್ದು ಕೊಟ್ಟು, ಸಿಳ್ಳೆ ಹಾಕುತ್ತಾ ಹೊರಟ. ಹೊರಗೆ ಲಿಫ್ಟಿನ ಬಾಗಿಲು ಸರಿದ ಸದ್ದಾಯಿತು.

ಅವಳು ಮೇಜಿನ ಮೇಲಿದ್ದ ಲೋಟ ಎತ್ತಿದಳು. ತಳದಲ್ಲಿ ಅವನು ಬಿಟ್ಟುಹೋದ ಒಂದು ಗುಟುಕು ಕಾಫಿ ಇನ್ನೂ ಬೆಚ್ಚಗಿತ್ತು. ಪಕ್ಕದಲ್ಲಿ ಅವನ ಫೋನು; ಮರೆತೇ ಹೋಗಿದ್ದ. ಅವಳ ಫೋನು ಮತ್ತೆ ಟಿಣ್ಣೆಂದಿತು.

‘ತಪ್ಪಿಗೆ ಕಾರಣ: ವಿವರವನ್ನು ಅವಧಿಗೆ ಮುಂಚೆ ದಾಖಲಿಸಲಾಗಿತ್ತು. ಆಧಾರ: ಬೇರೊಬ್ಬರ ಮೇಲ್. ಅವರ ಖಾಸಗಿತನದ ದೃಷ್ಟಿಯಿಂದ ಹೆಚ್ಚು ತಿಳಿಸಲು ನಿಯಮ ಒಪ್ಪುವುದಿಲ್ಲ. ಅನಾನುಕೂಲಕ್ಕೆ ವಿಷಾದಿಸುತ್ತೇವೆ.’

ಅವಳು ಫೋನನ್ನು ತಮ್ಮನ ಮುಂದೆ ಹಿಡಿದಳು. ಓದಿದವನ ಬಾಯೊಳಗಿನ ಬ್ರೆಡ್ಡು ಅಲ್ಲೇ ಉಳಿಯಿತು. “ಯಾರ ಮೇಲ್ ಕಣೋ ಅದು? ಹೇಳೋ!”

ಅವಳು ಬರಿಗಾಲಿನಲ್ಲೇ ಹೊರಗೆ ಓಡಿ ಲಿಫ್ಟಿನ ಗುಂಡಿಯನ್ನು ಒತ್ತಿದಳು, ಒತ್ತುತ್ತಲೇ ಇದ್ದಳು. ಮುಚ್ಚಿದ ಬಾಗಿಲಿನ ಆಚೆ ಅವನ ಸಿಳ್ಳೆ ಒಂದೊಂದೇ ಮಹಡಿ ಕೆಳಗಿಳಿಯುತ್ತಿತ್ತು.