ಯಾರ ಮೂಗು

ಸೊಸೆಯ ಚಪ್ಪಟೆ ಮೂಗು ಕಂಡು ಅತ್ತೆ ಮೂಗು ಮುರಿಯದ ದಿನವಿರಲಿಲ್ಲ. ಕೇಳಿ ಕೇಳಿ ರೋಸಿಹೋದ ಭಾರ್ಗವಿ ಯಾರಿಗೂ ಹೇಳದೆ ಚರ್ಮದ ಡಾಕ್ಟರ ಬಳಿ ಹೋದಳು. ಇಂಜೆಕ್ಷನ್ ಕೊಟ್ಟು ಮೂಗು ಎತ್ತರಿಸುವ ಮುಂಚೆ ಒಳಗೆ ರಕ್ತನಾಳ ಎಲ್ಲೆಲ್ಲಿದೆಯೆಂದು ನೋಡಲು ಅವರು ಮೂಗನ್ನೇ ಸ್ಕ್ಯಾನಿಂಗ್ ಮಾಡಿ, ಫೋಟೊ ಕೈಗಿತ್ತರು.

ಆ ಫೋಟೊ ಸಂಜೆ ಅತ್ತೆಯ ಕೈಗೆ ಸಿಕ್ಕಿತು.

"ಸ್ಕ್ಯಾನಿಂಗ್ ಮಾಡಿಸ್ಕೊಂಡು ಬಂದಿದ್ದೀಯ, ನನಗೊಂದು ಮಾತು ಹೇಳ್ಬಾರ್ದಿತ್ತೇನೇ?" ಎನ್ನುತ್ತ ಅತ್ತೆ ದೇವರಿಗೆ ತುಪ್ಪದ ದೀಪ ಹಚ್ಚಿ, ಸೊಸೆಯ ಬಾಯಿಗೆ ಸಕ್ಕರೆ ಸುರಿದರು.

"ಅಯ್ಯೋ ಅತ್ತೆ, ಅದು ಮಗು ಅಲ್ಲ, ನನ್ನ..."

"ಸುಮ್ನಿರೇ, ಮೂರು ಹೆತ್ತವಳಿಗೆ ಹೇಳ್ಕೊಡ್ತೀಯಾ?"

ಕನ್ನಡಕ ಏರಿಸಿ ಫೋಟೊವನ್ನು ದೀಪದ ಬೆಳಕಿಗೆ ಹಿಡಿದ ಅತ್ತೆಯ ಕಣ್ಣು ತುಂಬಿಬಂತು.

"ಸದ್ಯ, ಮೂಗು ನಿನ್ನ ಥರ ಇಲ್ಲ ಕಣೇ!"