ನಾಲ್ಕು ಬೆರಳು

ಕರ್ರ್... ಕರ್ರ್.

ಸಾಹೇಬರ ಮನೆಯ ಪಡಸಾಲೆಯಲ್ಲಿ ಮಲಗಿದ್ದ ದೇವಲಪ್ಪನಿಗೆ ಎಚ್ಚರವಾಯಿತು. ಇಲಿ ಕಟ್ಟಿಗೆ ಕಡಿಯುವಂಥ ಸಣ್ಣ ಸದ್ದು, ಮನೆಯೊಳಗಿಂದ. ಆದರೆ ಇಲಿ ನಡುನಡುವೆ ನಿಂತು ಕಿವಿಗೊಡುವುದಿಲ್ಲ. ಇದು ನಿಲ್ಲುತ್ತಿತ್ತು, ಮನೆ ನಿದ್ದೆಯಲ್ಲಿದೆಯೆಂದು ಖಾತ್ರಿಯಾದ ಮೇಲೆ ಮತ್ತೆ ಶುರುವಾಗುತ್ತಿತ್ತು.

ಅವನು ಏಳಲಿಲ್ಲ. ಆ ಮನೆಯಲ್ಲಿ ರಾತ್ರಿ ಏನು ಕೇಳಿಸಿದರೂ ಏಳಬಾರದು.

ಗೋವೆ ರಾಜ್ಯವಾದ ಮೇಲಿನ ಮೊದಲ ಚಳಿಗಾಲ ಅದು. ಧಾರವಾಡದ ಬಾಳಕೃಷ್ಣ ಸಾಹೇಬರು ಸಾಂಗೆಯ ಗಣಿಯಲ್ಲಿ ಸೂಪರ್‌ವೈಸರ್, ತಾಂಡಾದಿಂದ ಬಂದ ದೇವಲಪ್ಪ ಅದೇ ಗಣಿಯ ಕೂಲಿ. ರವಿವಾರ ಬಂದರೆ ಇಬ್ಬರೂ ಜೀಪು ಹತ್ತಿ ಮೊಲೆಂ ಕಾಡಿಗೆ ಕಳ್ಳಬೇಟೆಗೆ ಹೋಗುವರು. ಹೋದ ವರ್ಷ ಅಲ್ಲಿ ಕಟ್ಟಿಗೆ ಆರಿಸುತ್ತಿದ್ದ ನಾನಪ್ಪನೆಂಬ ಕೂಲಿಯ ಎದೆಗೆ ಸಾಹೇಬರ ಗುಂಡು ಹೊಕ್ಕಿತ್ತು. ಜಿಂಕೆ ಅಂದುಕೊಂಡೆ ಎಂದರು. ಹೆಣವನ್ನು ಗಣಿಯ ಹೊಂಡಕ್ಕೆ ಉರುಳಿಸಿ, ಮಣ್ಣು ಕುಸಿಯಿತೆಂದು ಸುದ್ದಿ ಹಬ್ಬಿಸಿದರು. ಕಂಡವನು ದೇವಲಪ್ಪನೊಬ್ಬನೇ.

ಮೊನ್ನೆ ಮೊಲೆಂ ನಾಕಾದ ಹತ್ತಿರ ಅವನು ಪೊಲೀಸನೊಬ್ಬನ ಪಕ್ಕ ನಿಂತದ್ದನ್ನು ಸಾಹೇಬರು ಜೀಪಿನಿಂದ ನೋಡಿದ್ದರು.

"ಏನಂದಾ ಅಂವಾ?"

"ಕಡ್ಡಿಪೆಟ್ಟಿಗಿ ಕೇಳಿದಾ ರೀ."

"ಬರೇ ಕಡ್ಡಿಪೆಟ್ಟಿಗಿ?" ಸಾಹೇಬರು ನಕ್ಕಿದ್ದರು. ಆ ನಗೆ ದೇವಲಪ್ಪನಿಗೆ ಸರಿ ಬಂದಿರಲಿಲ್ಲ.

ಬಂದೂಕು ಹಳೆಯ ಕಾಲದ್ದು, ನಳಿಗೆಯ ಬಾಯಿಂದ ಮದ್ದು ಜಡಿಯುವಂಥದ್ದು. ಹಿಂದಿನ ಸಂಜೆಯೇ ತುಂಬಿಡುವುದು ರೂಢಿ. ಮದ್ದಿಗೆ ಕಿಡಿ ಕೊಡುವ ಕೇಪು ಹಚ್ಚುವುದು ಮಾತ್ರ ಕಾಡಿನಲ್ಲಿ. ಸಾಹೇಬರು ತುಂಬುವಾಗ ಹೆಂಡತಿ ಗೋದಾಬಾಯಿ ಕಂದೀಲು ಹಿಡಿದು ಮದ್ದು ಅಳೆದು ಕೊಡಬೇಕು.

"ಚರೆ ಹಾಕಿದ್ರ ಚಿಗರಿ ಗಾಯ ಹೊತಗೊಂಡು ಓಡಿ ಹೋಗ್ತದ," ಎಂದು ಸಾಹೇಬರು ಆ ಸಂಜೆಯೂ ಪಾಠ ಹೇಳಿದ್ದರು. "ಒಂದ ಗುಂಡು ಇರಬೇಕು, ಹಿಂದ ಗಟ್ಟಿ ಮದ್ದು. ಬಿತ್ತಂದ್ರ ಅಲ್ಲೇ ಬೀಳಬೇಕು."

ತುಂಬಿದ ಮೇಲೆ ಜಡಿಯುವ ಕೋಲನ್ನು ನಳಿಗೆಗೆ ಇಳಿಸಿ ನೋಡುವುದು. ನಾಲ್ಕು ಬೆರಳು ಹೊರಗುಳಿದರೆ ಜಿಂಕೆಗೆ ಸರಿ. ಹೆಚ್ಚು ಉಳಿದರೆ ಒಂದರ ಮೇಲೊಂದು ಎರಡು ಸಲ ತುಂಬಿದೆ ಎಂದರ್ಥ. ಆ ಮುದಿ ನಳಿಗೆ ಅದನ್ನು ತಾಳದು; ಹಾರಿಸಿದವನ ಮುಖವೇ ಹಾರಿಹೋಗುತ್ತದೆ.

ಅಂದು ಗೋದಾಬಾಯಿಯ ಕೈಯಿಂದ ಒಂದು ಚಿಟಿಕೆ ಮದ್ದು ಚೆಲ್ಲಿತು. ಸಾಹೇಬರು ಆಕೆಯನ್ನು ಒಳಗೆ ಎಳೆದೊಯ್ದರು. ತಾಟು ಬಿದ್ದ ಸದ್ದು, ಗೋಡೆಗೆ ತಲೆ ಬಡಿದ ಸದ್ದು. ಅಳು ಕೇಳಿಸಲಿಲ್ಲ. ಹೊರಬಂದ ಸಾಹೇಬರು ಬಲಗೈ ಉಜ್ಜಿಕೊಳ್ಳುತ್ತ ಹೇಳಿದರು:

"ದೇವ್ಯಾ, ನಾಳೆ ನೀ ಹೊಡಿ."

ಎಂದೂ ಬಂದೂಕು ಬಿಟ್ಟುಕೊಟ್ಟವರಲ್ಲ.

ಬೆಳಗ್ಗೆ ಬಂದೂಕನ್ನು ಜೀಪಿಗೆ ಇಡುವ ಮುಂಚೆ ದೇವಲಪ್ಪ ಕೋಲು ಇಳಿಸಿ ನೋಡಿದ. ಸರಿಯಾಗಿ ನಾಲ್ಕು ಬೆರಳು. ಆದರೆ ಕೋಲಿನ ತುದಿ ಮುಟ್ಟಿದ ಬೆರಳಿಗೆ ದೀಪದ ಮಸಿ ಹತ್ತಿತು. ಉಜ್ಜಿದ. ಮಸಿಯ ಕೆಳಗೆ ಆಗಷ್ಟೇ ಕೊಯ್ದ ಕಟ್ಟಿಗೆಯ ಬಿಳುಪು.

ಕರ್ರ್, ಕರ್ರ್.

ಕೋಲನ್ನು ಗಿಡ್ಡ ಮಾಡಿದರೆ, ಒಳಗೆ ಎರಡು ತುಂಬು ಇದ್ದರೂ ಹೊರಗೆ ಕಾಣುವುದು ನಾಲ್ಕೇ ಬೆರಳು. ನಾಳೆ ನೀ ಹೊಡಿ. ಅವನು ಕೋಲನ್ನು ಮೆಲ್ಲಗೆ ಇದ್ದ ಜಾಗಕ್ಕೇ ಸಿಕ್ಕಿಸಿದ.

ಗೋದಾಬಾಯಿ ರೊಟ್ಟಿಯ ಗಂಟು ತಂದಳು. ತುಟಿ ಒಡೆದು ಊದಿತ್ತು. ಕೈಗಳು ಬೋಳಾಗಿದ್ದವು, ಬಳೆಗಳು ಸಂಜೆಯ ಹೊಡೆತಕ್ಕೆ ಒಡೆದಿರಬೇಕು.

"ಮಂಗಿ ನಿನಗ ಹೇಳಿಲ್ಲೇನು?" ಆಕೆಯ ದನಿ ತಗ್ಗಿತ್ತು. ಅವನ ಹೆಂಡತಿ ಮಂಗಿಬಾಯಿ ಆ ಮನೆಯಲ್ಲೇ ಪಾತ್ರೆ ತಿಕ್ಕುತ್ತಿದ್ದಳು. "ಮೂರು ತಿಂಗಳಂತ. ಹಂತಾ ಹೊತ್ತಿನ್ಯಾಗ ನಿಮ್ಮ ಮಂದಿ ಗುಂಡು ಹಾರಸೂದಿಲ್ಲಲಾ?"

ಅದು ಅವನ ಹಿರಿಯರ ನೇಮ. ಅದನ್ನೊಮ್ಮೆ ಮೀರಿ, ಹುಟ್ಟುವ ಮುಂಚೆಯೇ ಒಂದು ಕೂಸನ್ನು ಕಳೆದುಕೊಂಡೆನೆಂದು ಅವನು ನಂಬಿದ್ದ.

"ಇಲ್ರಿ ಬಾಯಾರ. ಹಾರಸೂದಿಲ್ಲ."

"ಮರೀಬ್ಯಾಡ."

ಕಾಡಿನಲ್ಲಿ, ಹಳ್ಳದ ಆಚೆ ದಂಡೆಗೆ ಕೊಂಬಿನ ಜಿಂಕೆಯೊಂದು ನೀರಿಗಿಳಿಯಿತು. ಸಾಹೇಬರು ಕೇಪು ಹಚ್ಚಿ ಬಂದೂಕನ್ನು ಅವನ ಎದೆಗೆ ಒತ್ತಿದರು.

"ಹೊಡಿ."

"ನಾ ಒಲ್ಲೆರಿ. ಮನ್ಯಾಗ ಬಸರಿ ಅದಾಳ."

"ಹಡಿಯಾಂವ ನೀ ಏನಲೇ?" ಸಾಹೇಬರು ಎಡಗೈಯಿಂದ ಬಾರಿಸಿದರು. ಮೂಗಿನಿಂದ ರಕ್ತ ಇಳಿದು ಅವನ ಬಾಯಿಗೆ ಬಂತು. ಮಂಡಿಗೆ ಒದ್ದರು. ಅವನು ಕುಸಿದ.

"ಕೊಂದರೂ ಒಲ್ಲೆರಿ."

"ಹೇಡಿ ನನ್ನ ಮಗನ." ಬಂದೂಕು ಕಸಿದುಕೊಂಡು ಸಾಹೇಬರು ಹಿಡಿಗೆ ಕೆನ್ನೆ ಒತ್ತಿದರು. ಬಂದೂಕಿನ ಕುದುರೆಗೆ ಬೆರಳು ತೂರಿಸುವಾಗ ನೋವಿಗೆ ಹಲ್ಲು ಕಚ್ಚಿದರು. ಬಲಗೈ ಮುಷ್ಟಿ ಊದಿ ಕೆಂಪಾಗಿತ್ತು. ಹೆಂಡತಿಯನ್ನು ಹೊಡೆದ ಕೈ.

ದೇವಲಪ್ಪನಿಗೆ ನಾಚಿಕೆಯಾಯಿತು. ಕೈ ನೋಯುತ್ತದೆಂದು ನೀ ಹೊಡಿ ಎಂದವರ ಮೇಲೆ ಏನೆಲ್ಲ ಅನುಮಾನಪಟ್ಟೆ. ಕೆಟ್ಟ ಬಂದೂಕಿಗೆ ಯಾರಾದರೂ ತನ್ನ ಕೆನ್ನೆ ಒತ್ತುತ್ತಾರೆಯೇ.

ಕಾಡು ಬಿರಿದಂತಾಯಿತು. ಹೊಗೆ ಸರಿದಾಗ ಆಚೆ ದಂಡೆಯಲ್ಲಿ ಜಿಂಕೆ ಇರಲಿಲ್ಲ. ಈಚೆ ದಂಡೆಯಲ್ಲಿ ಸಾಹೇಬರಿಗೆ ಮುಖವಿರಲಿಲ್ಲ. ನಳಿಗೆ ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿದು ನಿಂತಿತ್ತು. ಕಾಲುಗಳು ಮಾತ್ರ ಸ್ವಲ್ಪ ಹೊತ್ತು ಎಲೆಗಳನ್ನು ಕೆರೆದವು.

ಸಾಂಗೆಗೆ ಹೆಣ ಬಂತು. ಪೊಲೀಸರು ಒಂದೇ ಪ್ರಶ್ನೆ ಕೇಳಿದರು: ತುಂಬಿದವರು ಯಾರು? "ಸಾಹೇಬರ ರೀ," ಎಂದ ದೇವಲಪ್ಪ. ತಾನು ಕಣ್ಣಾರೆ ಕಂಡದ್ದು ಅಷ್ಟೇ.

ಒಳಗೆ ಹೆಂಗಸರು ಬಳೆ ಒಡೆಯಲೆಂದು ಗೋದಾಬಾಯಿಯ ಕೈ ಹಿಡಿದರು. ಬೋಳು ಕೈ. ನೆರೆಮನೆಯ ಸೀತಾಬಾಯಿ ಹುಡುಕಿ, ಹಿಟ್ಟಿನ ಡಬ್ಬಿಯ ಹಿಂದಿನಿಂದ ದಾರಕ್ಕೆ ಪೋಣಿಸಿದ ಹಸಿರು ಬಳೆಗಳನ್ನು ತಂದಳು. ಒಂದೂ ಒಡೆದಿರಲಿಲ್ಲ. ಗೋದಾಬಾಯಿ ಬಾಗಿಲಾಚೆ ನಿಂತಿದ್ದ ದೇವಲಪ್ಪನನ್ನು ಒಮ್ಮೆ ನೋಡಿ ತಲೆ ತಗ್ಗಿಸಿದಳು.

ಅವನು ಗುಡಿಸಲಿಗೆ ಬಂದಾಗ ಮಂಗಿಬಾಯಿ ಒಲೆ ಊದುತ್ತಿದ್ದಳು.

"ಮೂರು ತಿಂಗಳಾತಂತ. ನನಗ್ಯಾಕ ಹೇಳಲಿಲ್ಲ?"

"ಎಲ್ಲಿ ಮೂರು ತಿಂಗಳು? ಹೋದ ವಾರನ ಹೊರಗ ಕುಂತಿದ್ನಲ್ಲೋ," ಎಂದು ಮಂಗಿಬಾಯಿ ನಕ್ಕಳು. "ಯಾರ ಹೇಳಿದ್ರು ನಿನಗ?"

ರಾತ್ರಿ ಕೋಲು ಕೊಯ್ಯುವಾಗ ಸದ್ದಾಗದಿರಲೆಂದು ಬಳೆ ಕಳಚಿಟ್ಟ ಕೈಗಳು ದೇವಲಪ್ಪನ ಕಣ್ಣ ಮುಂದೆ ಬಂದವು, ಬೆರಳಿಗೆ ಇನ್ನೂ ಹತ್ತಿದ್ದ ಮಸಿಯನ್ನು ಧೋತರಕ್ಕೆ ಒರೆಸಿ, ಇದನ್ನು ಯಾರಿಗೂ, ಮಂಗಿಗೂ, ಹೇಳಬಾರದೆಂದು ತೀರ್ಮಾನಿಸಿ ಅವನೆಂದ: "ಯಾರೂ ಇಲ್ಲ."