ಎರಡನೆಯ ಪ್ರಶ್ನೆ

ಸುಕನ್ಯ ಬಾಗಿಲಿಗೆ ರಂಗೋಲಿ ಎಳೆಯುತ್ತಿದ್ದಾಗ ಗೇಟಿನ ಹತ್ತಿರ ಯಾರೋ ಕೆಮ್ಮಿದರು. ತಲೆ ಎತ್ತಿದರೆ ಒಬ್ಬ ಹೆಂಗಸು, ಪಕ್ಕದಲ್ಲಿ ಎರಡು ಜಡೆಯ ಹುಡುಗಿ.

"ಹಿಂದ್ಗಡೆ ಮನೆ ಬಾಡಿಗೆಗಿದೆಯಂತಲ್ಲ ಅಕ್ಕಾ, ನೋಡ್ಬಹುದಾ?"

"ಓನರಮ್ಮ ಪೂಜೇಲಿದ್ದಾರೆ, ಈಗ ಬರ್ತಾರೆ. ಒಳಗೆ ಬನ್ನಿ."

ಆ ಅಳುಕಿನ ದನಿ ಸುಕನ್ಯಳಿಗೆ ಗೊತ್ತಿತ್ತು. ಹೋದ ವರ್ಷ ಅವಳೂ ಹೀಗೇ ಮನೆ ಹುಡುಕಿ ಅಲೆದಿದ್ದಳು. ಎಲ್ಲರೂ ಮೊದಲು ಹೆಸರು ಕೇಳುತ್ತಿದ್ದರು, ಆಮೇಲೆ ಮನೆದೇವರು. ದೇವರ ಹೆಸರಿನಿಂದ ಜಾತಿ ತಿಳಿದ ಕೂಡಲೇ ಮನೆ ಬೇರೆಯವರಿಗೆ ಕೊಟ್ಟಾಯಿತು ಎನ್ನುತ್ತಿದ್ದರು. ಐದು ಮನೆ ಕೈತಪ್ಪಿದ ಮೇಲೆ, ಇಲ್ಲಿ ಅವಳು ತನ್ನ ಮಾರಮ್ಮನನ್ನು ಮರೆಮಾಡಿ ತಿರುಪತಿ ತಿಮ್ಮಪ್ಪ ಎಂದಿದ್ದಳು. ಮಗಳಿಗೂ ಅದನ್ನೇ ಬಾಯಿಪಾಠ ಮಾಡಿಸಿದ್ದಳು.

"ಎಲ್ರೂ ಯಾಕಮ್ಮ ಅದನ್ನೇ ಕೇಳ್ತಾರೆ?" ಎಂದು ಮಗಳು ಕೇಳಿದಾಗ, "ಪರಿಚಯ ಮಾಡ್ಕೊಳ್ಳೋದು ಅಂದ್ರೆ ಹಾಗೇ ಕಣೇ" ಎಂದು ತಲೆ ಸವರಿದ್ದಳು.

ಇವರ ಕಿವಿಯಲ್ಲೂ ಒಂದು ಮಾತು ಹೇಳಿಬಿಡಬೇಕು, ತಿಮ್ಮಪ್ಪ ಅನ್ನಿ ಅಂತ. ಸುಕನ್ಯ ರಂಗೋಲಿ ಡಬ್ಬಿ ಕೆಳಗಿಟ್ಟು ಎದ್ದಳು. ಅಷ್ಟರಲ್ಲಿ ಓನರಮ್ಮ ಮೆಟ್ಟಿಲಿಳಿದು ಬಂದೇಬಿಟ್ಟರು. ಹೊಸ ಗೆಳತಿ ಸಿಕ್ಕ ಖುಷಿಯಲ್ಲಿ ಸುಕನ್ಯಳ ಮಗಳು ಇಂಚರಳೂ ಒಳಗಿನಿಂದ ಓಡಿಬಂದಳು.

"ನಮಸ್ತೆ. ನನ್ನ ಹೆಸರು ಇಂಚರ. ನಿನ್ನ ಹೆಸರೇನು?"

"ಚಂಪಾ."

"ಎಷ್ಟು ಚೆನ್ನಾಗಿ ಮಾತಾಡ್ತೀಯೇ ಪುಟ್ಟಿ!" ಓನರಮ್ಮ ನಕ್ಕರು. ಚಂಪಾಳ ತಾಯಿಯ ಮುಖವೂ ಸ್ವಲ್ಪ ಸಡಿಲವಾಯಿತು.

ಹೊಗಳಿಕೆಗೆ ಉಬ್ಬಿದ ಇಂಚರ, ಇನ್ನೊಂದು ಬಾಕಿಯಿದೆ ಎಂದು ನೆನಪಿಸಿಕೊಂಡು ಗಟ್ಟಿಯಾಗಿ ಕೇಳಿದಳು:

"ನಿಮ್ಮ ಮನೆದೇವ್ರು ಯಾವುದು?"